ನಿನ್ನ ಉಬ್ಬಸಕ್ಕೆ ಶಿಳ್ಳೆ

ಅಪ್ಪಾ,

ನೀನು ಕೊಳಲು ನುಡಿಸಿದ್ದೆಯಲ್ಲ, ಆ ಸೂಪರ್‌ಹೀರೋ ಸಿನಿಮಾದ ಎರಡನೇ ಭಾಗ ನೋಡಿ ಈಗಷ್ಟೇ ಬಂದೆ. ಇಂಟರ್ವೆಲ್‌ನಲ್ಲೇ ಎದ್ದು ಬರಬೇಕಿತ್ತು, ಅಷ್ಟು ಹೇಸಿಗೆ.

ಮೊದಲ ಭಾಗದಲ್ಲಿ ಕೊಳಲು ಶುರುವಾಗುವ ಮುಂಚೆ ನಿನ್ನ ಉಬ್ಬಸ ಮೈಕಿಗೆ ಸಿಕ್ಕಿಬಿದ್ದಿತ್ತು. "ಇನ್ನೊಂದು ಸಲ ತಗೊಳ್ಳೋಣ ಅಂದೆ, ಸಾಕು ಬಿಡಿ ಅಂದ್ರು" ಎಂದು ನೀನು ಕೊರಗುತ್ತಿದ್ದೆ. ಅಭಿಮಾನಿಗಳಿಗೆ ಈಗ ಅದು ಹೀರೋ ಉಸಿರು. ಈ ಸಲ ಕೊಳಲೇ ಇಲ್ಲ. ಆ ಉಸಿರನ್ನಷ್ಟೇ ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಅವನು ಹಾರಿದಾಗಲೆಲ್ಲ ಹಾಕಿದ್ದಾರೆ. ಆಗೆಲ್ಲ ಇಡೀ ಥಿಯೇಟರ್ ಎದೆ ಹಿಡಿದುಕೊಂಡು ಸುಂಯ್ ಎಂದು ಒಟ್ಟಿಗೆ ಉಸಿರೆಳೆಯುತ್ತದೆ, ಆಮೇಲೆ ಶಿಳ್ಳೆ. ಬಾಯಿ ತುಂಬ ಪಾಪ್‌ಕಾರ್ನ್ ಇದ್ದವರೂ ಎಳೆದರು.

ಸುಮ್ಮನೆ ಕೂತಿದ್ದ ನನ್ನನ್ನು ನೋಡಿ ಪಕ್ಕದ ಸೀಟಿನವನಿಗೆ ಮರುಕ ಹುಟ್ಟಿತು. "ಬರಲ್ವಾ ಅಕ್ಕ? ಸುಲಭ. ಗಂಟಲು ಬಿಗಿಹಿಡಿದು, ಸಾಯೋರ ಥರ ಎಳೀಬೇಕು" ಎಂದು ಹೇಳಿಕೊಟ್ಟ. ಚೆನ್ನಾಗಿಯೇ ಎಳೆದ, ಅಪ್ಪಾ. ಥೇಟ್ ನೀನೇ.

ಮನೆಗೆ ಬಂದರೂ ಅದು ಕಿವಿ ಬಿಟ್ಟು ಹೋಗಲಿಲ್ಲ. ನಿನ್ನ ಕೋಣೆಯ ಬಾಗಿಲು ಮುಚ್ಚಿ, ಟೀವಿ ಸದ್ದು ಜೋರು ಮಾಡಿ ಕೂತಿದ್ದೇನೆ, ನೀನಿದ್ದಾಗ ಕೂರುತ್ತಿದ್ದ ಹಾಗೆಯೇ.