ಎಂಟು ತಂತಿಗೆ ಒಂದು ಹೂಂ

ವಾರ್ಕೌಸ್
ಬುಧವಾರ, 20 ನವೆಂಬರ್ 2019

ಪ್ರೀತಿಯ ಕಿರ್ಸಿ,

ಹೇಗಿದ್ದೀಯ? ಹೋದ ವಾರವೇ ಬರಬೇಕಿದ್ದ ಕಾಗದ ಈಗ ಬರುತ್ತಿದೆ, ಬೈಯಬೇಡ. ತಡವಾದದ್ದು ಸೋಮಾರಿತನದಿಂದ ಎಂದು ಬರೆದರೆ ನೀನು ಥಟ್ಟನೆ ನಂಬುತ್ತೀಯ. ಆದ್ದರಿಂದ ಹಾಗೆಯೇ ಬರೆದಿದ್ದೇನೆ.

ಇದನ್ನು ನಿನಗೆ ಓದಿ ಹೇಳುತ್ತಿರುವ ಪೈವಿಗೂ ನಮಸ್ಕಾರ. ನಿನಗೆ ಮಾತು ಕಲಿಸುವ ಕೆಲಸದ ಜೊತೆಗೆ ನನಗೆ ಬರವಣಿಗೆ ಕಲಿಸುವ ಕೆಲಸವೂ ಆ ಹುಡುಗಿಯ ತಲೆಗೆ ಬಿದ್ದಿದೆ. "ಚಿಕ್ಕ ಚಿಕ್ಕ ವಾಕ್ಯ ಬರೀರಿ ಇಲ್ಪೊ. ಗೊತ್ತಿರೋದನ್ನೇ ಇನ್ನೊಂದ್ಸಲ ಹೇಳಿ. ನಿಮ್ಮ ಹಾಸ್ಯಾನೂ ಹಾಕಿ, ಆದ್ರೆ ಅದೊಂದೇ ಹಾಕ್ಬೇಡಿ" ಎಂದು ಹೇಳಿ ಕಳಿಸಿದ್ದಾಳೆ. ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಭಾಷೆಯ ಪಾಠ ಹೇಳಿದವನು ನಾನು. ನನ್ನ ವಾಕ್ಯಗಳು ಹೆಲ್ಸಿಂಕಿ ರೈಲಿನಂತೆ, ನಡುವೆ ಊಟದ ಬೋಗಿ ಇಲ್ಲದೆ ಹೊರಡುವುದಿಲ್ಲ. ಆದರೂ ಪ್ರಯತ್ನಿಸುತ್ತೇನೆ.

ಗೊತ್ತಿರುವುದು ಇಷ್ಟು. ಆಗಸ್ಟಿನಲ್ಲಿ ನಾವಿಬ್ಬರೂ ಕಾಡಿಗೆ ಬೆರ್ರಿ ಕೀಳಲು ಹೋಗಿದ್ದೆವು. ನಿನ್ನ ತಲೆಯೊಳಗೆ ಎಲ್ಲೋ ರಕ್ತ ಹೆಪ್ಪುಗಟ್ಟಿತು. ಅಂದಿನಿಂದ ನಿನ್ನ ಬಲಗೈ ಮತ್ತು ಮಾತು ಎರಡೂ ಒಟ್ಟಿಗೆ ರಜೆ ಹಾಕಿವೆ. ನೀನು ಕುವೊಪಿಯೊದ ಆಸ್ಪತ್ರೆಯಲ್ಲಿ ಪೈವಿಯ ಬಳಿ ಇದ್ದೀಯ. ನಾನು ಮನೆಯಲ್ಲಿದ್ದೇನೆ. ಬೆರ್ರಿ ಫ್ರೀಜರಿನಲ್ಲಿದೆ.

ಬ್ಯಾಂಡಿನಲ್ಲಿ ನಾಲ್ವರಿದ್ದೆವು. ಡ್ರಮ್ಮಿಗೆ ಬಸ್ ಓಡಿಸುವ ಕ್ಯೋಸ್ತಿ, ಗರ್ಜಿಸಿ ಹಾಡಲು ಲೈಬ್ರರಿಯ ಆಂತೆರೊ, ಗಿಟಾರಿಗೆ ನಾನು, ಬೇಸ್ ಗಿಟಾರಿಗೆ ನೀನು. ಈಗ ಮೂವರು. ಬೇಸ್ ಹೋದಮೇಲೆ ಉಳಿದದ್ದು ಬೇಸರ. (ಪೈವಿ, ಇಲ್ಲಿ ಅವಳು ಕಣ್ಣು ಮೇಲೆ ಮಾಡದಿದ್ದರೆ ದಯವಿಟ್ಟು ಮತ್ತೊಮ್ಮೆ ಓದಿ.)

ಅಗ್ನಿಶಾಮಕ ಠಾಣೆಯ ನೆಲಮಾಳಿಗೆಯಲ್ಲಿ ಅಭ್ಯಾಸ ಮಾತ್ರ ನಿಂತಿಲ್ಲ. ಡಿಸೆಂಬರ್ ಮೊದಲ ಶನಿವಾರ ಕಾಗದದ ಕಾರ್ಖಾನೆಯವರ ಕ್ರಿಸ್‌ಮಸ್ ಮುಂಚಿನ ಪಾರ್ಟಿ. ಎಂದಿನಂತೆ ಮೊದಲು ಅಕ್ಕಿ ಗಂಜಿ, ಆಮೇಲೆ ನಮ್ಮ ಹೆವಿ ಮೆಟಲ್. ಗಂಜಿಯಲ್ಲಿ ಬಾದಾಮಿ ಸಿಕ್ಕವರಿಗೆ ಆ ವರ್ಷ ಅದೃಷ್ಟ, ಮುಂದಿನ ಸಾಲಿನಲ್ಲಿ ಕುರ್ಚಿ ಸಿಕ್ಕವರಿಗೆ ಕಿವಿ ಡಾಕ್ಟರು.

ಎರಡು ವಾರದ ಹಿಂದೆ ಒಂದು ಹಾಡು ಮುಗಿಸಿದಾಗ ಕ್ಯೋಸ್ತಿ ಕೋಲು ಕೆಳಗಿಟ್ಟ.

"ಕೆಳಗಡೆ ಖಾಲಿ ಹೊಡೀತಿದೆ" ಎಂದ.

"ಹೌದು, ಕೆಳಗಡೆ" ಎಂದ ಆಂತೆರೊ.

"ಸುಮಾರು ಎಂಬತ್ತು ಹರ್ಟ್ಸಿನಿಂದ ಕೆಳಗೆ" ಎಂದೆ ನಾನು.

ಮೂವರೂ ಕಾಫಿ ಕುಡಿದೆವು. ನಿನಗೆ ಈ ಗಂಡಸರು ಗೊತ್ತಲ್ಲ. ಕಿರ್ಸಿ ಇಲ್ಲ ಎಂದು ಹೇಳುವ ಬದಲು ಸ್ಪೀಕರಿನ ಹಿಂದೆ ಹೋಗಿ ವೈರು ಸರಿಮಾಡುತ್ತಾರೆ. ಆ ವೈರು ಆಗಸ್ಟಿನಿಂದ ಎಷ್ಟು ಸರಿಯಾಗಿದೆಯೆಂದರೆ ಇನ್ನು ಸರಿಮಾಡಿದರೆ ಕೆಡುತ್ತದೆ.

ಎರಡನೆಯ ಲೋಟದ ಹೊತ್ತಿಗೆ ಕ್ಯೋಸ್ತಿ ಬಾಯಿಬಿಟ್ಟ. "ಬೇರೆಯವ್ರನ್ನ ಕರೆಯೋದು ಬೇಡ ಕಣಯ್ಯ. ಕಿರ್ಸಿ ಜಾಗದಲ್ಲಿ ಇನ್ನೊಬ್ರನ್ನ ನಿಲ್ಸೋದು ಅಂದ್ರೆ... ಆ ಮ್ಯೂಸಿಕ್ ಟೀಚರ್ ಅಂತೂ ಬೇಡವೇ ಬೇಡ, ನುಡಿಸ್ತಾ ನಗ್ತಾಳೆ. ನೀನೊಂದು ಎಂಟು ತಂತಿ ಗಿಟಾರ್ ತಗೊಂಬಿಡು. ಕೆಳಗಡೇದೂ ನೀನೇ ನೋಡ್ಕೊ. ಯಾರೋ ಬಂದ ಹಾಗೂ ಆಗಲ್ಲ."

"ಯಾರೋ ಹೋದ ಹಾಗೂ ಆಗಲ್ಲ" ಎಂದ ಆಂತೆರೊ.

ಆಮೇಲೆ ಅವನೇ ಎದ್ದು ವೈರು ಸರಿಮಾಡಲು ಹೋದ.

ಎಂಟು ತಂತಿ ಎಂದರೆ ಏನು ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಪೈವಿಗೆ ಹೇಳುತ್ತೇನೆ. ಸಾಮಾನ್ಯ ಗಿಟಾರಿಗೆ ಆರು ತಂತಿ. ಇದಕ್ಕೆ ಕೆಳಸ್ವರದ ಕಡೆ ಇನ್ನೆರಡು, ಒಂದಕ್ಕಿಂತ ಒಂದು ದಪ್ಪ. ಕೊನೆಯ ತಂತಿಯನ್ನು ಸ್ವಲ್ಪ ಇಳಿಸಿ ಕಟ್ಟಿದರೆ ಅದು ನೇರವಾಗಿ ಬೇಸಿನ ಮನೆಗೇ ನುಗ್ಗುತ್ತದೆ. ಹಿಂದೆ ತುರ್ತು ಸುದ್ದಿಗೆ ತಂತಿ ಕಳಿಸುತ್ತಿದ್ದರು, ಈಗ ತುರ್ತಿಗೆ ತಂತಿ ಕೊಳ್ಳುವುದು ಬಂದಿದೆ. ತಂತಿ ಹೆಚ್ಚಾದಷ್ಟೂ ತಂಟೆ. ಇಷ್ಟಕ್ಕೆ ಹಾಸ್ಯ ನಿಲ್ಲಿಸಿ ಚಿಕ್ಕ ವಾಕ್ಯದಲ್ಲಿ ಹೇಳುತ್ತೇನೆ. ಆ ಗಿಟಾರ್ ನೆಲಮಾಳಿಗೆಗೆ ಬಂದರೆ ನಮ್ಮ ಬ್ಯಾಂಡಿಗೆ ಬೇಸ್ ನುಡಿಸುವವರು ಬೇಕಾಗುವುದಿಲ್ಲ. ನಿನ್ನ ಮೂಲೆ ಖಾಲಿ ಎಂದು ಯಾರಿಗೂ ಕೇಳಿಸುವುದಿಲ್ಲ. ಕ್ಯೋಸ್ತಿ ಆಗಲೇ ಆ ಮೂಲೆಯಲ್ಲಿ ಕಾಫಿ ಯಂತ್ರ ಹಿಡಿಸುತ್ತದೆಯೇ ಎಂದು ಕಣ್ಣಳತೆ ಹಾಕಿದ್ದನ್ನು ನಾನು ನೋಡಿದೆ. ಅವನಲ್ಲಿ ಕೆಟ್ಟತನವಿಲ್ಲ. ಕಾಫಿಯ ಚಟ, ಅಷ್ಟೇ.

ಅದಕ್ಕೇ ಮೊನ್ನೆ ಭಾನುವಾರ ಬಂದಾಗ ನಿನ್ನನ್ನೇ ಕೇಳಿದೆ. ನಿನಗೆ ನೆನಪಿರಬಹುದು. ಕಿಟಕಿಯ ಪಕ್ಕ ಕೂತಿದ್ದೆವು. ನೀನು ಏಲಕ್ಕಿ ಬನ್ನನ್ನು ಎಡಗೈಯಲ್ಲಿ ಹಿಡಿದು ನನಗಿಂತ ಅಚ್ಚುಕಟ್ಟಾಗಿ ತಿಂದೆ. "ಎಂಟು ತಂತೀದು ತಗೊಳ್ಳಲಾ ಕಿರ್ಸಿ?" ಎಂದು ಕೇಳಿದೆ. ನೀನು ನನ್ನನ್ನು ನೋಡಿ "ಹೂಂ" ಎಂದೆ. ಆಗಸ್ಟಿನ ನಂತರ ನಿನ್ನ ಬಾಯಿಂದ ಬಂದ ಮೊದಲ ಮಾತು ಅದು ಎಂದು ಪೈವಿ ಓಡಿಬಂದಳು. ಪಕ್ಕದ ಮೇಜಿನ ಅಜ್ಜ ಚಪ್ಪಾಳೆ ತಟ್ಟಿದರು. ಅವರಿಗೂ ಒಂದು ಬನ್ ಕೊಟ್ಟೆ.

ವಾಪಸು ಬರುವಾಗ ಕ್ಯೋಸ್ತಿಯದೇ ಬಸ್. ಹತ್ತುತ್ತಲೇ ಹೇಳಿದೆ.

"ಅವಳೇ ಹೇಳಿದ್ಲಾ? ಬಾಯಿಬಿಟ್ಟು?"

"ಬಾಯಿಬಿಟ್ಟು."

"ಹಂಗಾದ್ರೆ ಮುಗೀತು ಬಿಡು" ಎಂದು ಇಡೀ ಬಸ್ಸಿಗೆ ಕೇಳುವಂತೆ ಹಾರ್ನ್ ಹೊಡೆದ. ಅವನು ಕೆಲಸದಲ್ಲಿ ಹಾರ್ನ್ ಹೊಡೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಿನ್ನೆ ಕುವೊಪಿಯೊದ ಗಿಟಾರ್ ಅಂಗಡಿಗೆ ಹೋದೆ. ಅಂಗಡಿಯ ಒಸ್ಸಿ ಎಂಬಾತ ತುಂಬ ಖುಷಿಯ ಮನುಷ್ಯ, ಸಾವೊ ಸೀಮೆಯವರ ಬಾಯಿ ಕೇಳಬೇಕೇ. ಗೋಡೆಯಿಂದ ಇಳಿಸಿ ನನ್ನ ಮಡಿಲಿಗೆ ಮಗುವನ್ನು ಕೊಡುವಂತೆ ಕೊಟ್ಟ.

"ಇದನ್ನ ಹಿಡಿದ್ರಿ ಅಂದ್ರೆ ಬೇಸ್ ನುಡಿಸೋರಿಗೆ ರಾಜೀನಾಮೆ ಬರೆದುಕೊಟ್ಟ ಹಾಗೆ! ನಿಮ್ಮ ಬ್ಯಾಂಡಲ್ಲಿ ಬೇಸ್ ಯಾರು?"

"ನನ್ನ ಹೆಂಡ್ತಿ."

ಒಸ್ಸಿಯ ನಗು ಅರ್ಧಕ್ಕೇ ನಿಂತಿತು. "ಅಯ್ಯೋ. ಮನೇಲಿ ಗೊತ್ತಾ?"

"ಕೇಳಿದೀನಿ. ಹೂಂ ಅಂದಿದಾಳೆ."

"ಒಂದೇ ಸಲಕ್ಕೆ?"

"ಒಂದೇ ಸಲಕ್ಕೆ."

"ಅದೃಷ್ಟವಂತ್ರು ನೀವು. ನನ್ನವಳು ಒಂದು ಗಿಟಾರ್ ಪೆಡಲ್ ತಗೊಂಡ್ರೂ ಮೂರು ದಿನ ಮಾತು ಬಿಡ್ತಾಳೆ."

ನುಡಿಸಿದೆ. ಮೊದಲಿಗೆ ಬೆರಳು ದಾರಿ ತಪ್ಪಿತು. ಮೇಲಿನ ದಪ್ಪ ತಂತಿಯೇ ನನ್ನದು ಎಂದು ಇಷ್ಟು ವರ್ಷ ರೂಢಿಯಾದ ಹೆಬ್ಬೆರಳು ಪ್ರತಿ ಸಲವೂ ಯಾರದೋ ಮನೆಯ ಬಾಗಿಲು ತಟ್ಟುತ್ತಿತ್ತು. ಆಮೇಲೆ ಸರಿಹೋಯಿತು. ನಾವು ಯಾವಾಗಲೂ ಮೊದಲು ಹಿಡಿಯುವ ಆ ನಿಧಾನದ ಹಾಡು, ಅದರಲ್ಲಿ ಕೆಳಗೆ ನೀನೊಬ್ಬಳೇ ನಡೆಯುವ ಭಾಗವಿದೆಯಲ್ಲ, ಅದೂ ಬಂತು. ಚೆನ್ನಾಗಿಯೇ ಬಂತು. "ಎದೆಗೆ ಗುದ್ದಿದ ಹಾಗಿಲ್ವಾ?" ಎಂದ ಒಸ್ಸಿ. ಹೌದು ಎಂದೆ. ಹಲ್ಲಿನ ಡಾಕ್ಟರು ಸೂಜಿ ಹಾಕಿದ ಮೇಲೆ ಕಾಫಿ ಕುಡಿದರೆ ಹೇಗಿರುತ್ತದೆ ಹೇಳು. ಬಿಸಿ ಇದೆ ಎಂದು ಗೊತ್ತು, ತುಟಿಗೆ ಮಾತ್ರ ಸುದ್ದಿ ತಲುಪುವುದಿಲ್ಲ. ಹಾಗಿತ್ತು.

ಕೊಳ್ಳದೆ ಬಂದೆ.

ಹಣದ ಪ್ರಶ್ನೆಯಲ್ಲ, ಬ್ಯಾಂಡಿನ ಹುಂಡಿಯಲ್ಲಿದೆ. ಇವತ್ತು ಆಂತೆರೊ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತ, ಅಲ್ಲಿ ಮಾತ್ರ ಬಳಸುವ ಆ ಪಿಸುದನಿಯಲ್ಲಿ ವಿಚಾರಣೆ ಮಾಡಿದ. "ಯಾಕೆ ತರಲಿಲ್ಲ?"

"ಕತ್ತು ಅಗಲ. ರೊಟ್ಟಿ ಲಟ್ಟಿಸೋ ಹಲಗೆ ಹಾಗಿದೆ."

"ನಿನ್ನ ಬೆರಳೂ ಉದ್ದ ಇದೆ. ಇನ್ನೇನು?"

"ಭಾರ. ಭುಜ ನೋಯತ್ತೆ."

"ಬೇಸಿಗೇಲಿ ಕ್ಯೋಸ್ತಿ ಸೌನಾದ ಹಬೆ ಕೋಣೆಗೆ ಇಡೀ ಒಲೆ ಹೊತ್ತುಕೊಟ್ಟೋನು ನೀನು. ಇನ್ನೇನು?"

"ಬಣ್ಣ ಕಪ್ಪು ಕಣೋ."

ಆಂತೆರೊ ಪುಸ್ತಕ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದ. ಹೆವಿ ಮೆಟಲ್ ಬ್ಯಾಂಡಿನಲ್ಲಿದ್ದುಕೊಂಡು ಗಿಟಾರ್ ಕಪ್ಪಗಿದೆ ಎಂದು ಬೇಡವೆಂದ ಮೊದಲ ಪ್ರಾಣಿ ಈ ದೇಶದಲ್ಲಿ ನಾನೇ ಇರಬೇಕು. "ಕಿರ್ಸಿನೇ ಹೂಂ ಅಂದ್ಮೇಲೆ ನಿಂದೇನೋ ತಕರಾರು?" ಎಂದು, ಪಿಸುದನಿ ಮರೆತು, ವೇದಿಕೆಯ ದನಿಯಲ್ಲೇ ಕೇಳಿದ. ಮಕ್ಕಳ ಪುಸ್ತಕದ ಕಡೆಯಿಂದ ಒಂದು ಕೂಸು ಅಳಲು ಶುರುಮಾಡಿತು. ನಾನು ಆ ಗಲಾಟೆಯಲ್ಲಿ ಜಾರಿಕೊಂಡೆ.

ಒಸ್ಸಿ ಸೋಮವಾರದವರೆಗೆ ಅದನ್ನು ಬೇರೆಯವರಿಗೆ ಕೊಡದೆ ಎತ್ತಿಟ್ಟಿರುತ್ತಾನೆ.

ಬೇರೆ ಸುದ್ದಿ ಹೆಚ್ಚಿಲ್ಲ. ಹಿಮ ಬಿದ್ದು ಕರಗಿ ಮತ್ತೆ ಗಟ್ಟಿಯಾಗಿದೆ. ಅಂಗಳಕ್ಕೆ ಮರಳು ಚೆಲ್ಲಿದ್ದೇನೆ. ಊರಿನ ಹೆಸರಿನ ಅರ್ಥವೇ ಕಳ್ಳತನವಾದರೂ ನಿನ್ನ ಸೈಕಲ್ಲನ್ನು ಇನ್ನೂ ಯಾರೂ ಕದ್ದಿಲ್ಲ, ಬಾಗಿಲ ಬಳಿಯೇ ಇದೆ. ನಾನು ಹೊತ್ತುಹೊತ್ತಿಗೆ ಊಟ ಮಾಡುತ್ತೇನೆ, ಮಲಗುತ್ತೇನೆ, ಏಳುತ್ತೇನೆ. ಅಕ್ಕಪಕ್ಕದವರು ಹೇಗಿದ್ದೀಯ ಎಂದು ಕೇಳಿದರೆ ಚೆನ್ನಾಗಿದ್ದೇನೆ ಎನ್ನುತ್ತೇನೆ. ಹುಡುಕಿ ನೋಡಿದರೂ ಬೇರೆ ಉತ್ತರ ಸಿಗುವುದಿಲ್ಲ.

ಪೈವಿ ಹೇಳಿದ ಅಭ್ಯಾಸ ಬಿಡಬೇಡ. ಉಣ್ಣೆಯ ಕಾಲುಚೀಲ ಹಾಕಿಕೋ. ನಿನ್ನ ಬಲಗೈಗೆ ದೇವರು ಬೇಗ ಬುದ್ಧಿ ಕೊಡಲಿ, ಎಡಗೈಗೆ ಈಗಿರುವ ಬುದ್ಧಿಯೇ ಸಾಕು. ರಾತ್ರಿ ನಿದ್ದೆ ಚೆನ್ನಾಗಿ ಬರಲಿ. ಭಾನುವಾರ ಬನ್ ತರುತ್ತೇನೆ, ಪಕ್ಕದ ಮೇಜಿನ ಅಜ್ಜನಿಗೂ ಸೇರಿಸಿ.

ನಿನ್ನ
ಇಲ್ಪೊ

ಮರೆತ ಮಾತು: ಪೈವಿ, ಇಲ್ಲಿಂದ ಮುಂದೆ ಓದಿ ಹೇಳಬೇಡಿ. ಕಾಗದವನ್ನು ಕಿರ್ಸಿಯ ಎಡಗೈಗೆ ಕೊಡಿ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಎಷ್ಟು ಹೊತ್ತಾದರೂ ಅವಳೇ ಓದಲಿ.

ಕಿರ್ಸಿ, ಭಾನುವಾರ ಪೈವಿ ಖುಷಿಯಲ್ಲಿ ಡಾಕ್ಟರನ್ನು ಕರೆಯಲು ಹೋದಳು. ನಾನು ಆ ಒಂದು ಪ್ರಶ್ನೆಗೇ ನಿಲ್ಲಿಸಿದ್ದರೆ ಗಿಟಾರ್ ಇವತ್ತು ಮನೆಯಲ್ಲಿರುತ್ತಿತ್ತು. ನನಗೆ ಮೇಷ್ಟರ ಚಾಳಿ, ಪ್ರಶ್ನೆಯನ್ನು ತಿರುಗಿಸಿ ಕೇಳದೆ ಉತ್ತರ ಒಪ್ಪುವುದಿಲ್ಲ. "ಹಾಗಾದ್ರೆ ತಗೊಳ್ಳೋದು ಬೇಡ್ವಾ?" ಎಂದು ಕೇಳಿದೆ. ನೀನು ಹೂಂ ಎಂದೆ. "ವಾಪಸ್ ಬಂದು ನೀನೇ ಬೇಸ್ ಹಿಡೀತೀಯಾ?" ಹೂಂ. "ನಾನು ಯಾರು ಗೊತ್ತಾಯ್ತಾ?" ಹೂಂ. ಆಗ ಸುಮ್ಮನೆ ತಮಾಷೆಗೆ, "ನಾನು ಕ್ಯೋಸ್ತಿ ಅಲ್ವಾ?" ಎಂದು ಕೇಳಿದೆ. ನೀನು ನನ್ನ ಮುಖವನ್ನು ಚೆನ್ನಾಗಿ ನೋಡಿದೆ. ಮುಗುಳ್ನಕ್ಕು ಹೂಂ ಎಂದೆ.

ನಾನೂ ನಕ್ಕೆ. ಬಸ್ಸಿನಲ್ಲಿ ಕ್ಯೋಸ್ತಿಯ ಹಿಂದಿನ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಅವನ ಕತ್ತನ್ನು ನೋಡುತ್ತ ಮನೆಗೆ ಬಂದೆ. ನನಗೆ ಏನೂ ಆಗಲಿಲ್ಲ. ಇನ್ನೂ ಏನೂ ಆಗಿಲ್ಲ.

ಈ ಭಾನುವಾರ ನಿನ್ನ ಎಡಗೈ ಹಿಡಿದುಕೊಂಡು ಕೇಳುತ್ತೇನೆ. ಬಾಯಿ ಏನಾದರೂ ಹೇಳಿಕೊಳ್ಳಲಿ. ಬೇಡ ಎನ್ನುವುದಾದರೆ ಕೈ ಎಳೆದುಕೋ. ಗಿಟಾರಿನ ವಿಷಯ ಮಾತ್ರ ಕೇಳುತ್ತೇನೆ. ನಾನು ಯಾರು ಎಂದು ಕೇಳುವುದಿಲ್ಲ.