ಹಿತ್ತಾಳೆ ಬಾಗಿಲ ಹಿಂದಿನ ತರಂಗಗೂಡು

ಶಾಲಿವಾಹನ ಶಕೆ ೨೧೩೩, ಶ್ರಾವಣದ ಎರಡನೆಯ ಸೋಮವಾರ

ಹಿಂದಿನ ಕಾಲದ ಹಿರಿಯರಿಗೆ ನೆಲಮನೆ ಓಣಿಯ ಕಲ್ಲವ್ವ ಮಾಡುವ ಶರಣು.

ಇವತ್ತು ಉಪವಾಸ. ಎದ್ದು ಮೆಟ್ಟಿಲ ಧೂಳು ಗುಡಿಸಿ, ನೀರು ಸೋಸಿ, ಮಗಳು ಸಾವಂತ್ರಿಯ ಮೈ ಒರೆಸಿ ಬರೆಯಲು ಕೂತಿದ್ದೇನೆ. ಊರ ಶಾಲೆಯಲ್ಲಿ ನಾಲ್ಕಕ್ಷರ ಕಲಿತವಳು ನಾನು. ನನ್ನ ಕೆಲವು ಮಾತು ನಿಮ್ಮ ಕಾಲದಲ್ಲಿ ಹುಟ್ಟಿಯೇ ಇರಲಿಕ್ಕಿಲ್ಲ, ಬೇಸರಿಸದೆ ಓದಿರಿ.

ನಾವು ನೆಲದೊಳಗೆ ತೋಡಿದ ಮನೆಗಳಲ್ಲಿ ಇರುತ್ತೇವೆ. ಮೇಲೆ ಕೆಂಧೂಳು ಬೀಸುತ್ತದೆ, ಹೊರಗೆ ದುಡಿದವರ ಎದೆ ಬೇಗ ಸೋಲುತ್ತದೆ. ಅಂಥವರಿಗೆ ಉಸಿರುಪೆಟ್ಟಿಗೆ ಕಟ್ಟುತ್ತಾರೆ. ಧೂಳಿನ ಗುಣ ಮಳೆಗಾಲಕ್ಕೊಂದು, ಬೇಸಿಗೆಗೊಂದು. ಅದಕ್ಕೆ ತಕ್ಕ ಹೊಸ ಪಾಠವನ್ನು ಪೆಟ್ಟಿಗೆ ಇಳಿಸಿಕೊಳ್ಳಬೇಕು. ನೀವು ಡೌನ್‌ಲೋಡ್ ಎನ್ನುತ್ತಿದ್ದಿರಂತೆ. ಸಾವಂತ್ರಿಗೆ ಕಟ್ಟಿದ ಪೆಟ್ಟಿಗೆಯ ಹಳೆಯ ಪಾಠ ಅಮಾವಾಸ್ಯೆಗೆ ಮುಗಿಯುತ್ತದೆ. ಹೊಸದು ಇನ್ನೂ ಕಾಲುಭಾಗವೂ ಇಳಿದಿಲ್ಲ. ಇಳಿಯದಿದ್ದರೆ ಪೆಟ್ಟಿಗೆ ನಿಲ್ಲುತ್ತದೆ, ಅವಳ ಉಸಿರೂ ನಿಲ್ಲುತ್ತದೆ.

ಅಳಿಯ ಮಲ್ಲೇಶಿ ಮೊದಲು ಪಾಠ ಕಳಿಸುವ ಗುಡ್ಡದ ಮೇಲಿನ ಕಂಬವನ್ನು ಬೈದ. ಹತ್ತಿ ನೋಡಿದರೆ ಕಂಬ ಸರಿಯಾಗಿಯೇ ಇತ್ತು. ಮನೆಯ ಮಾತುಗೋಡೆ, ನೀರಳತೆ ಮುಂತಾಗಿ ಅದೇ ಕಂಬದಿಂದ ನಡೆಯುವ ಎಲ್ಲವನ್ನೂ ಆರಿಸಿ ಪೆಟ್ಟಿಗೆ ಒಂದನ್ನೇ ಬಿಟ್ಟೆವು, ಅಷ್ಟೇ ನಿಧಾನ. ತಂತಿ ಬದಲಿಸಿದೆವು, ಅದೇ ಹಾಡು. ಒಂದು ಸಂಜೆ ನಾನು ಆರತಿ ಹಿಡಿದು ನಿಂತಾಗ ಅವನು ಒಳಗಿನಿಂದ ಕೂಗಿದ: "ಅತ್ತಿ, ಬಾಗ್ಲಾ ಹಾಕಬ್ಯಾಡ್ರಿ! ಪಾಠ ಈಗ ಓಡಾಕ ಹತ್ತೇತಿ!"

ಬಾಗಿಲು ಎಂದರೆ ದೇವರ ಗೂಡಿನ ಬಾಗಿಲು. ನಿಮ್ಮ ಕಾಲದ ರೌಟರನ್ನು ನಾವು ತರಂಗಗೂಡು ಎನ್ನುತ್ತೇವೆ. ಉಸಿರು ತರುವ ವಸ್ತು ದೇವರ ಮಗ್ಗುಲಲ್ಲೇ ಇರಬೇಕೆಂದು ಪ್ರತಿ ಮನೆಯಲ್ಲೂ ಅದನ್ನು ಕಲ್ಲುಗೋಡೆಯ ಗೂಡಿನಲ್ಲಿಟ್ಟು, ಮುಂದೆ ತಾಮ್ರದ ಕೊಡ ತುಂಬಿಟ್ಟು, ಹಿತ್ತಾಳೆ ಬಾಗಿಲು ಮುಚ್ಚುತ್ತಾರೆ. ಆರತಿಗೆ ಮಾತ್ರ ತೆರೆಯುವುದು. ಕಲ್ಲು, ನೀರು, ಹಿತ್ತಾಳೆ ದಾಟಿ ತರಂಗ ಎಷ್ಟು ಬಂದೀತು? ಅವಸರವಿಲ್ಲದ ಮನೆಗಳಿಗೆ ಇದು ಗೊತ್ತೇ ಆಗುವುದಿಲ್ಲ.

ಮರುದಿನ ಬಾಗಿಲು ತೆರೆದೇ ಬಿಟ್ಟೆ. ಓಣಿಯ ಹಿರಿಯ ರಾಚಯ್ಯ ಬಂದು ನಿಂತ. "ಏನಬೇ ಕಲ್ಲವ್ವ, ದೇವರನ್ನ ಚಾವಡ್ಯಾಗ ಕುಂದ್ರಿಸಿದೇನ?" ಎಂದ. ನಾನು ಮಗಳ ಕಡೆ ಬೊಟ್ಟು ಮಾಡಿದೆ. ಅವನ ಕಣ್ಣಲ್ಲೂ ನೀರು ಬಂತು, ಆದರೂ ಬೀಗ ಹಾಕಿದ. "ಇದನ್ನ ಮಾಡಿದ ಹಿರ್ಯಾರು ಹೇಳಲಿ, ಈಗಿಂದೀಗ ತೆಗೀತೀನಿ. ನಿನ್ನ ಮಾತಿಗೆ ತೆಗ್ಯಾಕ ಆಗೂದಿಲ್ಲವಾ" ಎಂದ. ಈಗ ಆರತಿಗೂ ಅವನೇ ಬಂದು ತೆರೆದು, ಮುಚ್ಚಿ ಹೋಗುತ್ತಾನೆ. ಬೀಗ ಒಡೆದರೆ ಓಣಿಯವರು ಕಂಬದ ತಂತಿಯನ್ನೇ ಕತ್ತರಿಸುತ್ತಾರೆ. ಆಗ ಏನೂ ಇಳಿಯದು.

ನಾನೂ ದೇವರಿಗೆ ಅಂಜುವವಳೇ. ಆದರೆ ಸಾವಂತ್ರಿಯ ಉಗುರು ನೀಲಿಯಾಗುವುದನ್ನು ನೋಡುತ್ತ ಕೂತಿದ್ದೇನೆ, ಆ ದೇವರೂ ನೋಡುತ್ತಿದ್ದಾನೆ.

ಇದನ್ನು ಮಾಡಿದವರು ನೀವು. ನಿಮ್ಮ ಮನೆಯಲ್ಲಿ ಇದನ್ನು ಎಲ್ಲಿಡುತ್ತಿದ್ದಿರಿ? ಬಯಲಲ್ಲಿ, ಎತ್ತರದಲ್ಲಿ, ಎಲ್ಲರ ಕಣ್ಣೆದುರು ಇಡಬೇಕೆಂದು ನಿಮ್ಮ ಕೈಯಿಂದಲೇ ಒಂದು ಸಾಲು ಬರೆದು ಕಳಿಸಿರಿ. ರಾಚಯ್ಯ ಅದನ್ನು ಕಣ್ಣಿಗೊತ್ತಿಕೊಂಡು ಬೀಗ ತೆಗೆಯುತ್ತಾನೆ.

ಹಿಂದಿನ ಕಾಲಕ್ಕೆ ಓಲೆ ಹೋಗುವುದೂ ಅದಕ್ಕೆ ಉತ್ತರ ಬರುವುದೂ ಗುಡ್ಡದ ಕಟ್ಟೆಯಲ್ಲಿ. ಹಳೆಯ ಪಾಠ ಈಗಲೇ ಸೊರಗಿ ಪೆಟ್ಟಿಗೆಯ ಉಸಿರು ಸಾಲದೆ ಮಲ್ಲೇಶಿ ಕೈಯಿಂದ ಅದರ ಗಾಳಿಚೀಲ ಒತ್ತುತ್ತಿದ್ದಾನೆ, ಅವನು ದಣಿದಾಗ ನಾನು ಒತ್ತಬೇಕು, ಕಟ್ಟೆಗೆ ಬಂದು ಕಾಯಲು ನಮ್ಮಿಬ್ಬರಿಗೂ ಆಗದು. ಕಟ್ಟೆಯಲ್ಲಿ ಈ ಓಲೆ ಮುಟ್ಟುವ ಪುಣ್ಯಾತ್ಮರೇ, ನನಗೆ ಬಂದ ಉತ್ತರವನ್ನು ಅಮಾವಾಸ್ಯೆಯೊಳಗೆ ಯಾರಾದರೂ ತಂದು ಕೊಡಿರಿ.