ಜುಲೈ ತಿಂಗಳ ಮೋಡ

ಕುರ್ನಾ, ಲಕ್ಸರ್ ಪಶ್ಚಿಮ ದಂಡೆ
೮ ಜನವರಿ ೧೯೮೭

ಪ್ರೀತಿಯ ನವಾಲ್,

ನಿನ್ನ ದೊಡ್ಡಮ್ಮನ ಮಗಳು ಸನಿಯ್ಯಾ ಮಾಡುವ ಸಲಾಮು. ನಾನು ಚೆನ್ನಾಗಿದ್ದೇನೆ. ನೀವು ಚೆನ್ನಾಗಿದ್ದೀರೆಂದು ನಿನ್ನ ಪತ್ರದಲ್ಲಿ ನಾಲ್ಕು ಸಲ ಬರೆದಿರುವುದರಿಂದ ಅದನ್ನು ಮತ್ತೆ ಕೇಳುವುದಿಲ್ಲ. ಫೋಟೋ ತಲುಪಿತು. ಹುಡುಗಿಯರಿಬ್ಬರೂ ಮುದ್ದಾಗಿದ್ದಾರೆ. ದೊಡ್ಡವಳಿಗೆ ಅವರಪ್ಪ ರಶಾದನ ಹುಬ್ಬು ಬಂದಿದೆ. ಅವನಿಗೆ ಹೊಟ್ಟೆ ಬಂದಿರುವುದನ್ನೂ ನೋಡಿದೆ. ಸುಳ್ಳು ಯಾಕೆ ಹೇಳಲಿ, ನೋಡಿ ಸಂತೋಷವಾಯಿತು.

ಮಕ್ಕಳಿಗೆ ರಜೆ ಬರುತ್ತಿದೆ, ಹನ್ನೆರಡು ವರ್ಷವಾದ ಮೇಲೆ ಮೊದಲ ಸಲ ಎಲ್ಲರೂ ಲಕ್ಸರ್‌ಗೆ ಬರುತ್ತೇವೆ, ಏನು ನೋಡಬೇಕು, ಹೇಗೆ ನೋಡಬೇಕು ಎಲ್ಲ ಬರೆದು ಕಳಿಸು ಎಂದಿದ್ದೀ. ಇದೇ ಊರಿನಲ್ಲಿ ಹುಟ್ಟಿದ ರಶಾದನನ್ನು ಕೇಳಿದರೆ "ನನಗೆ ಎಲ್ಲಾ ಮರ್ತೋಗಿದೆ, ಸನಿಯ್ಯಾನ ಕೇಳು" ಎಂದನಂತೆ. ಮರೆಯುವುದರಲ್ಲಿ ಅವನು ಮೊದಲಿನಿಂದಲೂ ಜಾಣ. ನಾನು ಒಂಬತ್ತು ವರ್ಷದಿಂದ ಇಲ್ಲಿ ಟಿಕೆಟ್ ಕಿಟಕಿಯಲ್ಲಿ ಕೂತಿರುವವಳು. ದಿನಕ್ಕೆ ನೂರು ಗಂಡಹೆಂಡಿರಿಗೆ ದಾರಿ ಹೇಳುತ್ತೇನೆ. ನಿಮ್ಮಿಬ್ಬರಿಗೂ ಹೇಳಿದರೆ ನನ್ನ ಗಂಟೇನೂ ಹೋಗುವುದಿಲ್ಲ.

ರೈಲಿಗೆ ಬುತ್ತಿ ಕಟ್ಟಿಕೊಂಡು ಬಾ. ಬೇಯಿಸಿದ ಮೊಟ್ಟೆ, ಚೀಸು, ರೊಟ್ಟಿ, ಕಿತ್ತಳೆ ಸಾಕು. ಮೊಟ್ಟೆಗೆ ರಶಾದನಿಗೆ ಜೀರಿಗೆ ಪುಡಿ ಬೆರೆಸಿದ ಉಪ್ಪು ಬೇಕು. ನಿನಗೆ ಇಷ್ಟು ವರ್ಷದಲ್ಲಿ ಗೊತ್ತಾಗಿರಬೇಕು. ಆಗಿಲ್ಲದಿದ್ದರೆ ಈಗ ತಿಳಿದುಕೋ. ಸ್ಟೇಷನ್ನಿನ ಹೊರಗೆ ಕುದುರೆಗಾಡಿಯವರು ಮುತ್ತಿಕೊಳ್ಳುತ್ತಾರೆ. ಕೈರೋದ ಮಾತು ಕಿವಿಗೆ ಬಿದ್ದರೆ ಬಾಡಿಗೆ ದುಪ್ಪಟ್ಟು ಹೇಳುತ್ತಾರೆ. ನೀನು ಬಾಯಿ ಮುಚ್ಚಿಕೊಂಡು ಅವನನ್ನು ಮುಂದೆ ಬಿಡು, ನಮ್ಮೂರ ಮಾತು ಅವನ ನಾಲಿಗೆಯಲ್ಲಿ ಇನ್ನೂ ಉಳಿದಿದ್ದರೆ.

ಮೊದಲ ದಿನ ಕಾರ್ನಾಕ್ ಗುಡಿ ನೋಡಿ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು. ಬಸ್ಸುಗಳು ಬಂದವೆಂದರೆ ಕಂಬಗಳಿಗಿಂತ ಜನರ ಟೋಪಿಗಳೇ ಹೆಚ್ಚು ಕಾಣುತ್ತವೆ. ಅಲ್ಲಿ ಕಲ್ಲಿನ ದೊಡ್ಡ ಜೀರುಂಡೆಯನ್ನು ಏಳು ಸಲ ಸುತ್ತಿದರೆ ಮನಸ್ಸಿನಲ್ಲಿದ್ದದ್ದು ಆಗುತ್ತದೆ ಎನ್ನುತ್ತಾರೆ. ನೀನು ಸುತ್ತುವ ತೊಂದರೆ ತೆಗೆದುಕೊಳ್ಳಬೇಡ. ನಿನಗೆ ಸುತ್ತದೆಯೇ ಆಗಿದೆ. ನಾನು ಹದಿನೇಳನೆಯ ವಯಸ್ಸಿನಲ್ಲಿ ಸುತ್ತಿದ್ದೆ, ಏಳು ಸಾಲದೆಂದು ಎಂಟು ಸಲ.

ನದಿ ದಾಟುವಾಗ ಪ್ರವಾಸಿಗರ ದೋಣಿ ಬೇಡ, ಊರವರ ದೋಣಿ ಹತ್ತಿ. ಆಡು, ಸೈಕಲ್ಲು, ಕೋಳಿಬುಟ್ಟಿ ಎಲ್ಲ ಜೊತೆಗಿರುತ್ತವೆ, ನಿನ್ನ ಹುಡುಗಿಯರಿಗೆ ಖುಷಿಯಾಗುತ್ತದೆ. ಈ ದಡದಲ್ಲಿ ಗೋರಿಗಳ ಬಾಗಿಲಲ್ಲಿ ಟಿಕೆಟ್ ಕೊಡುವುದಿಲ್ಲ, ಇದನ್ನು ಚೆನ್ನಾಗಿ ನೆನಪಿಟ್ಟುಕೋ. ಎಲ್ಲವನ್ನೂ ಮೊದಲೇ ನಮ್ಮ ಕಿಟಕಿಯಲ್ಲಿ ಕೊಳ್ಳಬೇಕು. ಒಂದೊಂದು ಗುಂಪಿನ ಗೋರಿಗೆ ಒಂದೊಂದು ಚೀಟಿ, ಅದೂ ಆ ದಿನಕ್ಕೆ ಮಾತ್ರ. ಇದು ತಿಳಿಯದೆ ಬೆಟ್ಟ ಹತ್ತಿ, ಬೆವರು ಸುರಿಸಿಕೊಂಡು ವಾಪಸು ಇಳಿದು ಬಂದು ನನ್ನನ್ನು ಬೈಯುವವರು ವಾರಕ್ಕೆ ಹತ್ತು ಜನ. ನೀವು ಗುರುವಾರ ಬನ್ನಿ. ಗುರುವಾರ ಜನ ಕಡಿಮೆ. ಅಂದು ನನಗೆ ರಜೆ, ಕಿಟಕಿಯಲ್ಲಿ ಬೇರೆಯವರು ಇರುತ್ತಾರೆ, ಪಾಪ ಒಳ್ಳೆಯ ಹೆಂಗಸು.

ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಬರಬೇಡ. ಫೋಟೋದಲ್ಲಿ ನಿನ್ನ ಕಾಲಲ್ಲಿ ಇರುವಂಥದ್ದು ಮೊದಲ ಮೆಟ್ಟಿಲಿಗೇ ಮುರಿಯುತ್ತದೆ. ರಾಜರ ಕಣಿವೆಗೆ ಬೆಳಿಗ್ಗೆಯೇ ಹೋಗಿ, ಹತ್ಶೆಪ್ಸುತ್ ರಾಣಿಯ ಗುಡಿಗೆ ಮಧ್ಯಾಹ್ನ ಹೋಗಲೇಬೇಡಿ, ಹಿಂದಿನ ಬಂಡೆ ಒಲೆಯಂತೆ ಕಾದಿರುತ್ತದೆ. ಗೋರಿಯೊಳಗೆ ಗೋಡೆಗೆ ಒರಗಬೇಡಿ. ಮನುಷ್ಯರ ಬೆವರಿಗೇ ಬಣ್ಣ ಏಳುತ್ತದೆ. ಕಾವಲುಗಾರನಿಗೆ ಬಕ್ಷೀಸನ್ನು ಹೊರಗೆ ಬಂದ ಮೇಲೆ ಕೊಡಬೇಕು. ಒಳಗೆ ಹೋಗುವಾಗಲೇ ಕೊಟ್ಟರೆ ಅವನು ಅರ್ಧ ಗೋಡೆ ತೋರಿಸಿ ಕೆಮ್ಮಲು ಶುರು ಮಾಡುತ್ತಾನೆ. ಕಾವಲುಗಾರನ ಮಗಳಾದ ನಾನೇ ಹೇಳುತ್ತಿದ್ದೇನೆ. ದಾರಿಯಲ್ಲಿ ಯಾರಾದರೂ ಬಟ್ಟೆಯ ಗಂಟು ಬಿಚ್ಚಿ "ಮೂರು ಸಾವಿರ ವರ್ಷದ್ದು ನೋಡ್ರಿ ಅಕ್ಕಾರೆ, ನಮ್ಮಜ್ಜ ಅಗೆದು ತಗದದ್ದು" ಎಂದು ಕಲ್ಲಿನ ಜೀರುಂಡೆ ತೋರಿಸಿದರೆ ಕೊಳ್ಳಬೇಡ. ಅದು ನಮ್ಮ ಪಕ್ಕದ ಮನೆಯ ಹಿತ್ತಲಲ್ಲಿ ಹೋದ ತಿಂಗಳು ಹುಟ್ಟಿದ್ದು. ಹಳೆಯದಾಗಲಿ ಎಂದು ಕೋಳಿಗೊಬ್ಬರದಲ್ಲಿ ಹೂತಿಡುತ್ತಾರೆ.

ಇನ್ನು ನೀನು ಕೊನೆಯಲ್ಲಿ ಕೇಳಿದ್ದಕ್ಕೆ ಬರುತ್ತೇನೆ. ಅಪ್ಪ ಕಾಯುತ್ತಿದ್ದ ಬೆಟ್ಟದ ಮೇಲಿನ ಆ ಚಿಕ್ಕ ಗೋರಿ, ಹೆಂಡತಿ ಗಂಡನ ಮೂಗಿನ ಹತ್ತಿರ ತಾವರೆ ಹಿಡಿದು ಕೂತಿರುವ ಚಿತ್ರವಿದೆಯಲ್ಲ, ಅದನ್ನು ಮಕ್ಕಳಿಗೆ ತೋರಿಸಬೇಕು ಎಂದಿದ್ದೀ. ಅದು ರಿಪೇರಿಗೆಂದು ಮುಚ್ಚಿದೆ. ಈ ವರ್ಷ ತೆರೆಯುವುದಿಲ್ಲ. ಅದನ್ನು ಬಿಟ್ಟು ಬೇರೆ ಬೇಕಾದಷ್ಟಿವೆ.

ಇಲ್ಲಿಯವರೆಗೆ ಬರೆದು ಪತ್ರ ಮಡಿಸಿದ್ದೆ, ನವಾಲ್. ಆಮೇಲೆ ನಿನ್ನ ಪತ್ರವನ್ನು ಇನ್ನೊಮ್ಮೆ ಓದಿದೆ. ಹುಡುಗಿಯರಿಗೆ ನೀವಿಬ್ಬರೂ ಕಥೆ ಹೇಳಿದ್ದೀರಂತೆ. ಆ ಗೋರಿಯ ಒಳಗೆ ನಿಂತಿದ್ದಾಗ ಇದ್ದಕ್ಕಿದ್ದಂತೆ ಸೂರ್ಯನಿಗೆ ಮೋಡ ಅಡ್ಡ ಬಂತು, ಕತ್ತಲಾಯಿತು, ನೀನು ಹೆದರಿದೆ, ಅವನು ನಿನ್ನ ಕೈ ಹಿಡಿದ, ಆಮೇಲೆ ಬಿಡಲೇ ಇಲ್ಲ. "ಆ ಮೋಡಾನ ದೇವ್ರೇ ಕಳ್ಸಿದ್ದು ಕಣೇ ಸನಿಯ್ಯಾ, ಅದು ಬರದೇ ಇದ್ದಿದ್ರೆ ಇವರು ಜನ್ಮದಲ್ಲಿ ಬಾಯಿ ಬಿಡ್ತಿರಲಿಲ್ಲ" ಎಂದು ಬರೆದಿದ್ದೀ. ಅದನ್ನು ಓದಿ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಇಷ್ಟು ವರ್ಷ ಹೊಟ್ಟೆಕಿಚ್ಚನ್ನು ಬೂದಿ ಮುಚ್ಚಿ ಇಟ್ಟುಕೊಂಡಿದ್ದೆ, ಊದಿದವಳು ನೀನು. ನನ್ನ ಕೈ ಮಾಡಿದ ಕೆಲಸಕ್ಕೆ ದೇವರಿಗೆ ಹೆಸರು ಬರುವುದನ್ನು ನಾನು ಸಹಿಸುವುದಿಲ್ಲ.

ಗೋರಿ ಮುಚ್ಚಿಲ್ಲ. ತೆರೆದೇ ಇದೆ. ಮೇಲಿನ ಸಾಲನ್ನು ಹೊಡೆದು ಹಾಕಬಹುದಿತ್ತು. ನಾನು ಎಷ್ಟು ಸಣ್ಣವಳು ಎಂದು ನಿನಗೆ ಕಾಣಲಿ ಎಂದೇ ಬಿಟ್ಟಿದ್ದೇನೆ.

ಆ ಬೇಸಿಗೆ ನೆನಪಿಸಿಕೋ. ಎಪ್ಪತ್ನಾಲ್ಕನೆಯ ಇಸವಿಯ ಜುಲೈ. ನೀನು ಕೈರೋದಿಂದ ರಜೆಗೆಂದು ನಮ್ಮ ಮನೆಗೆ ಬಂದಿದ್ದೆ. ರಶಾದನೂ ಓದು ಮುಗಿಸಿ ಬಂದಿದ್ದ. ಅವನು ನನ್ನ ದೊಡ್ಡಪ್ಪನ ಮಗ. ನಮ್ಮ ಕಡೆ ಹುಡುಗಿಯನ್ನು ಮದುವೆಯಾಗುವ ಮೊದಲ ಹಕ್ಕು ಅವಳಪ್ಪನ ಅಣ್ಣನ ಇಲ್ಲವೇ ತಮ್ಮನ ಮಗನದು, ಅವನು ಬಿಟ್ಟೆ ಎನ್ನುವವರೆಗೆ ಬೇರೆಯವರು ಹೊಸಿಲು ತುಳಿಯುವಂತಿಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ದೊಡ್ಡಪ್ಪ "ಇವಳು ರಶಾದಗ" ಎಂದಿದ್ದರಂತೆ. ಇದೆಲ್ಲ ಗೊತ್ತಿದ್ದೂ ಗೋರಿ ನೋಡಲು ಹೊರಟ ದಿನ ನೀನು ನನ್ನ ಹಸಿರು ದುಪಟ್ಟಾ ಕೇಳಿ ಹೊದ್ದುಕೊಂಡೆ. ನಾನೇ ಕೊಟ್ಟೆ.

ಅಪ್ಪನ ಮೊಣಕಾಲು ಊದಿತ್ತು. ಆದ್ದರಿಂದ ಕನ್ನಡಿ ಹಿಡಿಯುವ ಕೆಲಸ ನನಗೆ ಬಂತು. ಗೋರಿಯೊಳಗೆ ದೀಪವಿಲ್ಲ, ಅಮ್ಮನ ಬೀರುವಿನ ಬಾಗಿಲಿಂದ ಕಳಚಿದ ಆ ದೊಡ್ಡ ಕನ್ನಡಿಯನ್ನು ಹೊರಗೆ ಬಿಸಿಲಿಗೆ ಹಿಡಿದು ಬೆಳಕನ್ನು ಬಾಗಿಲಿಂದ ಒಳಗೆ ಬಿಡಬೇಕು. ಒಳಗಿದ್ದವರು ಬೆಳ್ಳಿ ಕಾಗದ ಅಂಟಿಸಿದ ಹಲಗೆಯಿಂದ ಆ ಬೆಳಕನ್ನು ಗೋಡೆಗೆ ತಿರುಗಿಸಬೇಕು. ಹಲಗೆ ರಶಾದನ ಕೈಯಲ್ಲಿತ್ತು, ನೀನು ಅವನ ಪಕ್ಕದಲ್ಲಿದ್ದೆ. ಹೊರಗೆ ಕನ್ನಡಿ ಹಿಡಿದವರಿಗೆ ಒಳಗಿನದೇನೂ ಕಾಣುವುದಿಲ್ಲ. ಬರೀ ಕೇಳಿಸುತ್ತದೆ. ನೀನು ಆ ತಾವರೆಯ ಚಿತ್ರ ನೋಡಿ ಏನೋ ಅಂದೆ. ಅವನು ನಕ್ಕ. ನನ್ನ ಜೊತೆ ಇಪ್ಪತ್ತು ವರ್ಷ ಬೆಳೆದವನು, ನವಾಲ್, ನನ್ನೆದುರು ಒಂದು ದಿನವೂ ಹಾಗೆ ನಕ್ಕಿರಲಿಲ್ಲ. ನಿಮ್ಮಿಬ್ಬರ ಆ ನಗುವಿಗೆ ದೀಪ ಹಿಡಿದು ನಿಂತಿದ್ದವಳು ನಾನು.

ನಾನು ಕನ್ನಡಿಯನ್ನು ನೆಲದ ಕಡೆ ತಿರುಗಿಸಿದೆ.

ಅಷ್ಟೇ. ಕತ್ತಲಲ್ಲಿ ತಲೆ ಬಡಿದುಕೊಂಡು ಹೊರಗೆ ಬರಲಿ ಎಂದುಕೊಂಡೆ. ನೀನು ಒಂದು ಸಲ ಚೀರಿದೆ. ಆಮೇಲೆ ಸದ್ದಿಲ್ಲ. ನೆರಳಿನಲ್ಲಿ ಕೂತಿದ್ದ ಅಪ್ಪ "ಯಾಕವ್ವಾ, ಕೈ ಸೋತ್ವೇನು?" ಎಂದರು. ಹೂಂ ಎಂದೆ. ಮತ್ತೆ ಬೆಳಕು ಬಿಡುವ ಹೊತ್ತಿಗೆ ಆಗುವುದು ಆಗಿಹೋಗಿತ್ತು. ನೀನು ಹೊರಗೆ ಬಂದು ಕಣ್ಣುಜ್ಜಿಕೊಳ್ಳುತ್ತ "ಮೋಡ ಬಂತೇನೇ?" ಎಂದು ಕೇಳಿದೆ. ಹೌದು, ಮೋಡ ಎಂದೆ. ಅಪ್ಪ ತಲೆಯೆತ್ತಿ ಆಕಾಶ ನೋಡಿದರು. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡದ್ದು ಹೀಗೆ.

ಸೆಪ್ಟೆಂಬರಿನಲ್ಲಿ ರಶಾದ್ ನಮ್ಮ ಮನೆಗೆ ಬಂದ. ಅಪ್ಪನ ಎದುರು ಕೂತು, ಲೋಟದ ಚಹಾ ಪೂರ್ತಿ ಕುಡಿದು, "ಚಿಕ್ಕಪ್ಪಾ, ಸನಿಯ್ಯಾನ ಮ್ಯಾಲಿನ ನನ್ನ ಹಕ್ಕು ಬಿಟ್ಟೀನ್ರಿ" ಎಂದ. ಬಾಗಿಲ ಹಿಂದೆ ನಿಂತು ಕೇಳಿದೆ. ಚಹಾ ಮಾಡಿದ್ದೂ ನಾನೇ. ಆಮೇಲೆ ಇಬ್ಬರು ನನ್ನನ್ನು ಕೇಳಿಕೊಂಡು ಬಂದರು, ಇಬ್ಬರಿಗೂ ಬೇಡ ಎಂದೆ. ಇದಕ್ಕೆ ನೀನು ಕಾರಣ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ನಿನ್ನ ಮದುವೆಗೆ ಜ್ವರ ಎಂದು ಬರಲಿಲ್ಲ. ಜ್ವರ ಇರಲಿಲ್ಲ.

ಅಪ್ಪ ಹೋಗುವ ಮುಂಚಿನ ವಾರ ನನ್ನನ್ನು ಹತ್ತಿರ ಕೂರಿಸಿಕೊಂಡು, "ಅವತ್ತ ಮೋಡ ಬಂದಿದ್ದಿಲ್ಲ ಬಿಡವ್ವಾ" ಎಂದರು. ನನಗೆ ಗೊತ್ತು ಎಂದೆ. "ಕನ್ನಡಿ ಹಿಡಿಯೋರು ಒಳಗಿನ ಮಾತಿಗೆ ಕಿವಿ ಕೊಡಬಾರದವ್ವಾ. ಕೊಟ್ರ ಕೈ ನಡುಗತೈತಿ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಕೇಳು. ನೀನು ಕೈರೋದವಳು, ಮೋಡ ಎಂದರೆ ನಂಬಿದೆ, ನಿನ್ನದು ತಪ್ಪಲ್ಲ. ಆದರೆ ರಶಾದ್ ಈ ಬೆಟ್ಟದ ಮೇಲೆ ಹುಟ್ಟಿದವನು. ಲಕ್ಸರಿನ ಜುಲೈ ಆಕಾಶದಲ್ಲಿ ಅಂಗೈಯಗಲದ ಮೋಡವನ್ನು ಅವನು ತನ್ನ ಜೀವಮಾನದಲ್ಲಿ ನೋಡಿದ್ದಾನೆಯೇ, ಅವನನ್ನೇ ಕೇಳು. ನಾವು ಯಾರೂ ನೋಡಿಲ್ಲ. ಬೆಳಕು ಹೋದ ಕ್ಷಣವೇ ಅವನಿಗೆ ಗೊತ್ತಾಗಿದೆ, ಅದು ನನ್ನ ಕೈ ಎಂದು. ನಾನು ಯಾಕೆ ತಿರುಗಿಸಿದೆ ಎಂಬುದೂ ಗೊತ್ತಾಗಿದೆ. ಗೊತ್ತಾದ ಮೇಲೂ ಅವನು ಹಿಡಿದದ್ದು ನಿನ್ನ ಕೈ. ಹೊರಗೆ ಬಂದು ನನ್ನ ಮುಖ ನೋಡಲಿಲ್ಲ, ಮೋಡ ಎಂದಾಗ ಹೌದೆಂದು ತಲೆಯಾಡಿಸಿದ. ನಿನ್ನ ಮೇಲಿನ ಮತ್ಸರ ಇಷ್ಟು ವರ್ಷ ನನಗೆ ಅನ್ನ ನೀರಿನಂತೆ ಅಭ್ಯಾಸವಾಗಿತ್ತು. ಈ ಮಾತು ಮಾತ್ರ ಇವತ್ತು ಬರೆಯುವಾಗಲೇ ನನಗೆ ಹೊಳೆದದ್ದು, ಇದು ಅಭ್ಯಾಸವಾಗುವುದಿಲ್ಲ.

ಅವನನ್ನು ಕೇಳಿದ ಮೇಲೆ ಉತ್ತರವನ್ನು ನನಗೆ ಬರೆಯಬೇಡ. ಬಂದು ಹೇಳು. ಗುರುವಾರವೇ ಬನ್ನಿ. ಆ ಗೋರಿಯ ಬಾಗಿಲು ಪೂರ್ವಕ್ಕಿದೆ, ಹತ್ತು ಗಂಟೆ ದಾಟಿದರೆ ಬೆಳಕು ಸಿಗುವುದಿಲ್ಲ, ಎಂಟಕ್ಕೇ ಬೆಟ್ಟ ಹತ್ತಿ. ಹುಡುಗಿಯರಿಗೆ ಉಣ್ಣೆಯ ಅಂಗಿ ಹಾಕು, ಬೆಳಗಿನ ಗಾಳಿ ಕೊರೆಯುತ್ತದೆ. ಈಗಿನ ಕಾವಲುಗಾರ ಅಪ್ಪನ ಶಿಷ್ಯ, ನಾನು ಹೇಳಿದರೆ ಇಲ್ಲ ಎನ್ನುವುದಿಲ್ಲ. ಅಮ್ಮನ ಬೀರುವಿನ ಕನ್ನಡಿ ಇನ್ನೂ ನನ್ನ ಹತ್ತಿರವೇ ಇದೆ, ಒಂದು ಮೂಲೆ ಒಡೆದಿದೆ ಅಷ್ಟೇ. ಮಧ್ಯಾಹ್ನ ಊಟಕ್ಕೆ ನಮ್ಮ ಮನೆಗೆ ಬರಬೇಕು. ಮುಲೂಖಿಯಾ ಸೊಪ್ಪಿನ ಸಾರು ಮಾಡುತ್ತೇನೆ. ರಶಾದನಿಗೆ ಬೆಳ್ಳುಳ್ಳಿ ಜಾಸ್ತಿ ಹಾಕಿದರೆ ಇಷ್ಟ. ಅಥವಾ ಆಗ ಇಷ್ಟವಾಗಿತ್ತು.

ನಿನ್ನ ಅಕ್ಕ,
ಸನಿಯ್ಯಾ

ತಾ.ಕ.: ಈ ಸಲ ಹೊರಗೆ ಕನ್ನಡಿ ಹಿಡಿಯುವವಳು ನೀನು. ಹಲಗೆ ಹಿಡಿದು ರಶಾದ್ ಒಳಗಿರಲಿ, ಅವನ ಪಕ್ಕದಲ್ಲಿ ನಾನು ನಿಲ್ಲುತ್ತೇನೆ. ಹೆದರಬೇಡ, ಹುಡುಗಿಯರೂ ನಮ್ಮ ಜೊತೆಗೇ ಇರುತ್ತಾರೆ. ನನ್ನ ಮಾತಿಗೆ ಅವನು ನಗುವಂತೆ ಮಾಡಲು ಪ್ರಯತ್ನಿಸುತ್ತೇನೆ, ಈಗಲೇ ಹೇಳಿಬಿಡುತ್ತೇನೆ. ನಡುವೆ ಬೆಳಕು ಹೋದರೆ ಯಾಕೆಂದು ನಾನು ಕೇಳುವುದಿಲ್ಲ. ಜನವರಿಯಲ್ಲಿ ನಮ್ಮಲ್ಲೂ ಒಮ್ಮೊಮ್ಮೆ ಮೋಡ ಬರುವುದುಂಟು.